ಪೈಥಾನ್ ಪ್ಯಾಕೇಜ್ (ರೆಡಿಮೇಡ್ ಕೋಡ್) ಹಾಕೋ ಹಳೇ ಟೂಲ್ ಪಿಪ್ ಬಿಟ್ಟು ಹೊಸ ಟೂಲ್ ಯುವಿಗೆ ಹೋಗ್ಬೇಕಾ? ನಮ್ ಬ್ಯಾಚ್ ಗ್ರೂಪಲ್ಲಿ ನಡೆದ ಜಟಾಪಟಿ

ಮಂಜು: *ಫಾರ್ವರ್ಡೆಡ್* ಪಿಪ್ ಕಥೆ ಮುಗೀತು, ಪೈಥಾನ್‌ನೋರೆಲ್ಲಾ ಯುವಿಗೆ ಬನ್ನಿ!!

ಮಂಜು: ಓದ್ರಪ್ಪಾ ಇದನ್ನ. ನಮ್ ಟೀಮಲ್ಲಿ ಹೆಚ್ಚುಕಮ್ಮಿ ಎಲ್ಲಾ ರಿಪೋನೂ ಬದಲಾಯಿಸ್ಬಿಟ್ವಿ, ಎಷ್ಟು ಫಾಸ್ಟ್ ಅಂದ್ರೆ ಬಿಲ್ಡ್ ಹಾಕಿ ಟೀಗೆ ಹೋಗೋ ನೆಪನೇ ಹೋಯ್ತು 😂

ಸುಮಾ: ಹೆಡ್ಡಿಂಗ್ ನೋಡಿದ್ರೇನೇ ಮೈ ಉರಿಯುತ್ತೆ. ಪಿಪ್ ಎಲ್ಲಿ ಮುಗೀತು? 2025ರ ಏಪ್ರಿಲಲ್ಲಿ ಪಿಪ್ 25.1 ವರ್ಷನ್ ಬಂತಲ್ಲ, ಅದ್ರಲ್ಲಿ ಲಾಕ್ ಫೈಲ್ (ಯಾವ ಪ್ಯಾಕೇಜ್ ಯಾವ ವರ್ಷನ್ ಅಂತ ಬರೆದಿಡೋದು) ಮಾಡೋಕೆ ಪಿಪ್ ಲಾಕ್ ಅಂತ ಪ್ರಯೋಗಕ್ಕೆ ಬಿಟ್ಟಿದ್ದಾರೆ

ಮಂಜು: ಪ್ರಯೋಗಕ್ಕೆ!! ನಿನ್ ಬಾಯಲ್ಲೇ ಬಂತು ನೋಡು. ಯುವಿ ಬಂದಿದ್ದು 2024ರ ಫೆಬ್ರವರಿಲಿ, ಆಗಸ್ಟ್ ಹೊತ್ತಿಗೆ ಪೈಥಾನ್ ಇಳಿಸೋದು, ಲಾಕ್ ಫೈಲು, ಸ್ಕ್ರಿಪ್ಟ್ ಓಡಿಸೋದು ಎಲ್ಲಾ ಒಂದೇ ಪ್ರೋಗ್ರಾಂ ಫೈಲಿಗೆ ತುಂಬಿದ್ರು. ಪೈಥಾನ್ ವರ್ಷನ್ ಬದಲಾಯಿಸೋಕೆ ಪೈಎನ್ವ್ ಬೇಡ, ಟೂಲ್ ಹಾಕೋಕೆ ಪಿಪ್‌ಎಕ್ಸ್ ಬೇಡ. ರಸ್ಟ್ ಭಾಷೇಲಿ ಬರೆದಿರೋದಕ್ಕೇ ಆ ಸ್ಪೀಡು

ಕಿರಣ: ರಸ್ಟ್ ಅಂದ್ಬಿಟ್ರೆ ಅರ್ಧ ಸತ್ಯ ಕಣೋ. ಪಿಪ್ ಇನ್‌ಸ್ಟಾಲ್ ಮಾಡ್ವಾಗ್ಲೇ ಎಲ್ಲಾ ಫೈಲನ್ನೂ ಬೈಟ್‌ಕೋಡ್‌ಗೆ (ಪೈಥಾನ್ ಓಡಿಸೋ ರೂಪಕ್ಕೆ) ಕಂಪೈಲ್ ಮಾಡಿಡುತ್ತೆ, ಯುವಿ ಡೀಫಾಲ್ಟ್ ಆಗಿ ಅದನ್ನ ಮಾಡಲ್ಲ, ಆ ಟೈಮು ಮೊದಲ್ನೇ ಸಲ ಇಂಪೋರ್ಟ್ ಮಾಡ್ದಾಗ ತಗೊಳತ್ತೆ. ಆಮೇಲೆ ಕ್ಯಾಷಲ್ಲಿ, ಅಂದ್ರೆ ಮುಂಚೆ ಇಳಿಸಿಟ್ಟ ಫೋಲ್ಡರಲ್ಲಿ ಇರೋ ಪ್ಯಾಕೇಜನ್ನ ಕಾಪಿ ಮಾಡದೆ ಹಾರ್ಡ್‌ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಹಾಕತ್ತೆ, ಎರಡನೇ ಸಲ ಚಕ್ ಅಂತ ಆಗೋದು ಅದಕ್ಕೇನೆ

ಸುಮಾ: ಸ್ಪೀಡ್ ಯಾರಿಗ್ ಬೇಡ, ನನ್ ತಕರಾರು ಅದಲ್ಲ. ಯುವಿ ಮಾಡಿರೋ ಆಸ್ಟ್ರಲ್ ಅನ್ನೋ ಕಂಪನಿ ಇನ್ವೆಸ್ಟರ್ ದುಡ್ಡಲ್ಲಿ ಶುರುವಾಗಿದ್ದು. ಕೋಡಲ್ಲಿ ತಪ್ಪು ಹುಡುಕೋ ರಫ್ ಅವ್ರದ್ದು, ಯುವಿ ಅವ್ರದ್ದು, ಯುವಿ ಥರದ್ದೇ ಟೂಲ್ ರೈನೂ ಅವ್ರ ಕೈಗೆ ಕೊಟ್ರು, ಯುವಿ ಇಳಿಸೋ ಪೈಥಾನ್ ಬಿಲ್ಡ್‌ಗಳ ಪ್ರಾಜೆಕ್ಟೂ 2024ರ ಕೊನೆಗೆ ಅವ್ರಿಗೇ ಹೋಯ್ತು. ಪೈಥಾನ್ ಪ್ಯಾಕೇಜ್ ಕೊಡೋ ಅನಕೊಂಡಾ ಕಂಪನೀನ ಮರೆತ್ರಾ? ಎಲ್ರೂ ಅಭ್ಯಾಸ ಮಾಡ್ಕೊಂಡ್ಮೇಲೆ 2020ರಲ್ಲಿ, 200 ಜನಕ್ಕಿಂತ ದೊಡ್ಡ ಕಂಪನಿ ಆದ್ರೆ ದುಡ್ಡು ಬಿಚ್ಚಿ ಅಂದ್ರು

ಮಂಜು: ಅಯ್ಯೋ ಲೈಸೆನ್ಸ್ ನೋಡಮ್ಮಾ, ಎಂಐಟಿ ಮತ್ತೆ ಅಪಾಚೆ, ಕೋಡ್ ಯಾರು ಬೇಕಾದ್ರೂ ಬಳಸ್ಬಹುದು. ನಾಳೆ ಬಾಗಿಲು ಹಾಕಿದ್ರೆ ಫೋರ್ಕ್ ಮಾಡಿದ್ರಾಯ್ತು, ಅದೇ ಕೋಡ್ ತಗೊಂಡು ನಾವೇ ಮುಂದುವರಿಸೋದು

ಸುಮಾ: ಯಾರು ಮಾಡೋದು, ನೀನಾ? ಪಿಪ್ ಕೋಡು ಪೈಥಾನು, ಕೆಟ್ರೆ ನಾನೂ ಕೂತು ಓದ್ಬಹುದು. ನಿನಗೆ ರಸ್ಟ್ ಎಷ್ಟು ಬರುತ್ತೆ ಹೇಳು

ಮಂಜು: 🙏

ಕಿರಣ: ಅದಕ್ಕೊಂದು ದಾರಿ ಇದೆ. 2025ರ ಮಾರ್ಚಲ್ಲಿ ಪೆಪ್ 751 (ಪೈಥಾನ್‌ಗೆ ಬಂದ ಪ್ರಸ್ತಾಪ) ಒಪ್ಕೊಂಡ್ರಲ್ಲ, ಲಾಕ್ ಫೈಲ್‌ಗೆ ಪೈಲಾಕ್ ಅಂತ ಎಲ್ರಿಗೂ ಒಂದೇ ಫಾರ್ಮ್ಯಾಟು. ಯುವಿ ಆ ಫಾರ್ಮ್ಯಾಟಲ್ಲಿ ಎಕ್ಸ್‌ಪೋರ್ಟ್ ಮಾಡಿಕೊಡತ್ತೆ. ಆದ್ರೆ ತನ್ನ ಸ್ವಂತ ಲಾಕ್ ಫೈಲು ಮಾತ್ರ ಬಿಟ್ಟಿಲ್ಲ, ಸುಮಾ ಹೇಳೋದ್ರಲ್ಲೂ ಪಾಯಿಂಟ್ ಇದೆ

ಶಿವು: ಲೇ ನಿಮ್ಮ ಫಂಡಿಂಗ್ ಜಗಳ ಆಮ್ಯಾಲ ಮಾಡ್ರಿ. ನಮ್ಮ ಡಿಪ್ಲೊಮಾ ಲ್ಯಾಬ್‌ನ್ಯಾಗ ಉಬುಂಟು 24.04 ಹಾಕಿದ ಮ್ಯಾಲ ಪಿಪ್ ಇನ್‌ಸ್ಟಾಲ್ ಅಂದ್ರ ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಅಂತ, ಅಂದ್ರ ಸಿಸ್ಟಮ್ ಪೈಥಾನ್ ಮುಟ್ಟಬ್ಯಾಡ್ರಿ ಅಂತ ಎರರ್ ಬರತೈತಿ, ಹುಡುಗ್ರು ನೆಟ್‌ನ್ಯಾಗ ಹುಡುಕಿ ಬ್ರೇಕ್ ಸಿಸ್ಟಮ್ ಪ್ಯಾಕೇಜಸ್ ಅಂತ ಆ ತಡೆ ದಾಟೋ ಫ್ಲ್ಯಾಗ್ ಹೊಡದು ಕುಂತಾವ. ನೆಟ್ ಅಂತೂ ಇದ್ರ ಐತಿ ಇಲ್ಲಾಂದ್ರ ಇಲ್ಲ

ಮಂಜು: ಯುವಿ ಹಾಕೋ ಮಾರಾಯಾ! ಒಂದು ಸಿಸ್ಟಮಲ್ಲಿ ಎಲ್ಲಾ ಇಳಿಸು, ಕ್ಯಾಷ್ ಫೋಲ್ಡರ್ ಪೆನ್‌ಡ್ರೈವಲ್ಲಿ ತಗೊಂಡ್ ಹೋಗಿ ಉಳಿದಿದ್ದಕ್ಕೆ ಹಾಕು, ಆಫ್‌ಲೈನ್ ಫ್ಲ್ಯಾಗ್ ಕೊಟ್ಟು ಸಿಂಕ್ ಮಾಡು

ಕಿರಣ: ಎಲ್ಲಾ ಒಂದೇ ಟಾರ್ ಫೈಲಿಗೆ ಕಟ್ಕೊಂಡು ಹಾಕು ಶಿವು. ಪೆನ್‌ಡ್ರೈವ್ ಫ್ಯಾಟ್ ಫಾರ್ಮ್ಯಾಟ್ ಇದ್ರೆ ಒಳಗಿನ ಲಿಂಕ್‌ಗಳು ಉಳಿಯಲ್ಲ

ಸುಮಾ: ಪಿಪ್ ಡೌನ್‌ಲೋಡ್ ಮಾಡಿ, ಆ ಫೋಲ್ಡರ್ ತೋರಿಸೋಕೆ ಫೈಂಡ್ ಲಿಂಕ್ಸ್ ಕೊಟ್ರೆ ಇದೇ ಕೆಲ್ಸ ಎಷ್ಟೋ ವರ್ಷದಿಂದ ಆಗ್ತಿದೆ, ಹೊಸದೇನಿಲ್ಲ

ಶಿವು: ಅದನ್ನ ಮಾಡೇನವಾ. ಆದ್ರ ಒಂದೊಂದು ಪ್ರಯೋಗಕ್ಕ ಒಂದೊಂದು ವೆನ್ವ್ (ಬ್ಯಾರೆ ಬ್ಯಾರೆ ಪ್ಯಾಕೇಜ್ ಫೋಲ್ಡರ್), ಪ್ರತಿಯೊಂದ್ರಾಗೂ ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್ ಪೂರಾ ಕಾಪಿ. ಡಿಸ್ಕ್ ತುಂಬಿ ಹೋಗೈತಿ

ಮಂಜು: ಅದಕ್ಕೇ ಹಾರ್ಡ್‌ಲಿಂಕ್!!

ಶಿವು: ಈಗ ಒಂದ್ರಾಗ ಹಾಕಿ ನೋಡಿದೆ. ಫೇಲ್ಡ್ ಟು ಹಾರ್ಡ್‌ಲಿಂಕ್ ಅಂತ ವಾರ್ನಿಂಗ್ ಕೊಟ್ಟು ಕಾಪಿನೇ ಮಾಡ್ತು. ಎಲ್ಲಿ ಉಳೀತೋ ಜಾಗ?

ಸುಮಾ: 😂😂

ಕಿರಣ: ನಿನ್ ಕ್ಯಾಷ್ ಒಂದು ಪಾರ್ಟಿಷನಲ್ಲಿ, ಪ್ರಾಜೆಕ್ಟ್ ಇನ್ನೊಂದ್ರಲ್ಲಿ ಇರ್ಬೇಕು, ಪಾರ್ಟಿಷನ್ ದಾಟಿ ಹಾರ್ಡ್‌ಲಿಂಕ್ ಆಗಲ್ಲ. ಕ್ಯಾಷ್ ಡೈರೆಕ್ಟರಿ ವೇರಿಯಬಲನ್ನ ಪ್ರಾಜೆಕ್ಟ್ ಇರೋ ಕಡೆಗೇ ಸೆಟ್ ಮಾಡು

ಶಿವು: ಹೂಂ, ಖರೇನ. ಈಗ ವಾರ್ನಿಂಗ್ ಇಲ್ಲ. ಆದ್ರ ಪರೀಕ್ಷಾಕ್ಕ ಬರೋ ಎಕ್ಸ್‌ಟರ್ನಲ್ಲು ಮ್ಯಾನ್ಯುಯಲ್‌ನ್ಯಾಗ ಪಿಪ್ ಇನ್‌ಸ್ಟಾಲ್ ಅಂತ ಐತಲ್ರೀ ಅಂದ್ರ ಏನ್ ಹೇಳ್ಲಿ?

ಮಂಜು: ಯುವಿ ಪಿಪ್ ಇನ್‌ಸ್ಟಾಲ್ ಅಂತಾನೂ ಹೊಡೀಬಹುದು, ಹುಡುಗ್ರಿಗೆ ಮುಂದೆ ಎರಡಕ್ಷರ ಸೇರಿಸೋಕೆ ಹೇಳು

ಸುಮಾ: ಲ್ಯಾಬಿಗೆ ಸರಿ ಬಿಡು. ನಮ್ ಬ್ಯಾಂಕ್ ಪ್ರಾಜೆಕ್ಟಿಗೆ ಮಾತ್ರ ನಾನು ಸೈನ್ ಹಾಕಲ್ಲ