ಉಬುಂಟು 22.04: ಎನ್ವಿಡಿಯಾ 535 ಹಾಕುವಾಗ "ಹೆಲ್ಡ್ ಬ್ರೋಕನ್ ಪ್ಯಾಕೇಜಸ್", ಹೋಲ್ಡ್‌ನಲ್ಲಿ ಒಂದೂ ಇಲ್ಲ, ಮತ್ತೆಂತ?

ಕಡೆಕಾರು_ಎಡಿಟರ್ (ಉಡುಪಿ):

ಮೆಷಿನ್ ವಿವರ: ಉಬುಂಟು 22.04, ಕರ್ನಲ್ 6.8 ಎಚ್‌ಡಬ್ಲ್ಯುಇ (ಹೊಸ ಹಾರ್ಡ್‌ವೇರಿಗೆಂದು ಉಬುಂಟು ಕೊಡುವ ಹೊಸ ಕರ್ನಲ್), ಕಾರ್ಡ್ ಜಿಟಿಎಕ್ಸ್ 1650, 4 ಜಿಬಿ. ನುಡಿ ಓಡಿಸಲು ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ) ಉಂಟು, ಹಾಗಾಗಿ ಐ386, ಎಂದರೆ 32 ಬಿಟ್ ಆರ್ಕಿಟೆಕ್ಚರ್ ಆನ್ ಆಗಿದೆ. ಉಬುಂಟುವಿನದ್ದೇ 535 ಡ್ರೈವರ್ ಸರಿ ಇತ್ತು. ತಾಳಮದ್ದಳೆ ರೆಕಾರ್ಡಿಂಗ್‌ಗಳಿಗೆ ವಿಸ್ಪರ್‌ನಲ್ಲಿ (ಮಾತನ್ನು ಬರಹ ಮಾಡುವ ಎಐ ಮಾಡೆಲ್) ಸಬ್‌ಟೈಟಲ್ ಮಾಡುವ ಅಂತ ಎನ್ವಿಡಿಯಾದ ಕುಡಾ (ಗ್ರಾಫಿಕ್ಸ್ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ತಂತ್ರಾಂಶ) ರೆಪೊ, ಎಂದರೆ ಪ್ಯಾಕೇಜ್ ಭಂಡಾರ, ಸೇರಿಸಿದ್ದು. ಆಮೇಲೆ ಅಪ್‌ಗ್ರೇಡ್ ಅರ್ಧಂಬರ್ಧ ಆಗಿ, ಎನ್ವಿಡಿಯಾ-ಡ್ರೈವರ್-535 ತೆಗೆದು ಪುನಃ ಹಾಕಲು ಹೋದರೆ ಹೀಗೆ ಬರ್ತದೆ:

ಎನ್ವಿಡಿಯಾ-ಡ್ರೈವರ್-535 : ಡಿಪೆಂಡ್ಸ್: ಲಿಬ್‌ಎನ್ವಿಡಿಯಾ-ಜಿಎಲ್-535 (= 535.183.01-0ಉಬುಂಟು1)

ಅದು ಇನ್‌ಸ್ಟಾಲ್ ಆಗುವುದಿಲ್ಲ ಅಂತ ಹೇಳಿ, ಕೊನೆಗೆ "ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್". ಆದರೆ ಹೋಲ್ಡ್ ಮಾಡಿದ, ಎಂದರೆ ಬದಲಾಗದಂತೆ ತಡೆಹಿಡಿದ ಪ್ಯಾಕೇಜ್‌ಗಳ ಪಟ್ಟಿ ಕೇಳಲು ಆಪ್ಟ್-ಮಾರ್ಕ್ ಶೋಹೋಲ್ಡ್ ಕೊಟ್ಟರೆ ಖಾಲಿ. ಎನ್ವಿಡಿಯಾ ಹೆಸರಿನದ್ದೆಲ್ಲ ಪರ್ಜ್ (ಸೆಟ್ಟಿಂಗ್ ಸಮೇತ ಅಳಿಸುವುದು) ಮಾಡಿಬಿಡಲೇ? ಅಥವಾ ಎನ್ವಿಡಿಯಾ ನೇರವಾಗಿ ಕೊಡುವ ಡಾಟ್ ರನ್ ಇನ್‌ಸ್ಟಾಲರ್ ಫೈಲ್ ತಂದು ಹಾಕಿದರೆ ಈ ರಗಳೆ ತಪ್ಪುತ್ತದಾ?

ಕೊಡಿಯಾಲ್_ಟರ್ಮಿನಲ್ (ಮಂಗಳೂರು):

ರನ್ ಫೈಲ್ ಮಾತ್ರ ಬೇಡ ಮಾರಾಯ್ರೆ. ಅದು ಇಟ್ಟ ಫೈಲ್‌ಗಳ ಲೆಕ್ಕ ಡಿಪಿಕೆಜಿ (ಆಪ್ಟ್ ತಂದ ಪ್ಯಾಕೇಜುಗಳನ್ನು ಹಾಕಿ ತೆಗೆದು ಲೆಕ್ಕ ಇಡುವ ಪ್ರೋಗ್ರಾಂ) ಹತ್ತಿರ ಇರುವುದಿಲ್ಲ. ನಾಳೆ ಆಪ್ಟ್ ಅದೇ ಜಾಗಕ್ಕೆ ತನ್ನ ಲೈಬ್ರರಿ ತಂದು ಹಾಕಿದರೆ ಎರಡೂ ಹಾಳು. ಮೊದಲೇ ಯಾವಾಗಲಾದರೂ ಹಾಕಿದ್ದರೆ ಎನ್ವಿಡಿಯಾ-ಅನ್‌ಇನ್‌ಸ್ಟಾಲ್ ಓಡಿಸಿ ತೆಗೆಯಿರಿ.

ಹೋಲ್ಡ್ ಎನ್ನುವ ಆ ಸಾಲನ್ನು ಅಕ್ಷರಶಃ ನಂಬಬೇಡಿ. ಲೆಕ್ಕ ಹೊಂದಿಸಲು ಆಗದಿದ್ದಾಗೆಲ್ಲ ಆಪ್ಟ್ ಅದನ್ನೇ ಹೇಳುವುದು. ಅದು ಪ್ರತಿ ಪ್ಯಾಕೇಜಿಗೂ ಒಂದೇ ಆವೃತ್ತಿಯನ್ನು ಕ್ಯಾಂಡಿಡೇಟ್ ಅಂತ ಆರಿಸಿಕೊಳ್ತದೆ. ಆ ಕ್ಯಾಂಡಿಡೇಟ್‌ಗಳು ಒಂದಕ್ಕೊಂದು ಕೂಡದಿದ್ದರೆ, ಪಕ್ಕದ ರೆಪೊದಲ್ಲಿ ಸರಿಯಾದ ಹಳೆ ಆವೃತ್ತಿ ಇದ್ದರೂ ತಾನಾಗಿ ಅದನ್ನು ಪ್ರಯತ್ನಿಸುವುದಿಲ್ಲ, ಕೈ ಚೆಲ್ಲುತ್ತದೆ.

ಪರ್ಜ್‌ಗೆ ಮೊದಲು ಯಾವುದು ಎಲ್ಲಿಂದ ಬಂದದ್ದು ಅಂತ ನೋಡುವ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಮಾಡಿಕೊಳ್ಳಿ:

ಆಪ್ಟ್-ಕ್ಯಾಶ್ ಪಾಲಿಸಿ ಲಿಬ್‌ಎನ್ವಿಡಿಯಾ-ಜಿಎಲ್-535 ಲಿಬ್‌ಎನ್ವಿಡಿಯಾ-ಜಿಎಲ್-535:ಐ386
ಡಿಪಿಕೆಜಿ -ಎಲ್ | ಗ್ರೆಪ್ ಎನ್ವಿಡಿಯಾ

ಆವೃತ್ತಿಯ ಬಾಲ ನೋಡಿದರೆ ಮೂಲ ಗೊತ್ತಾಗ್ತದೆ. ಕೊನೆಗೆ 0ಉಬುಂಟು0.22.04.1 ಎಂದಿದ್ದರೆ ಉಬುಂಟುವಿನದ್ದು. ಬರೀ 0ಉಬುಂಟು1 ಆದರೆ ಕುಡಾ ರೆಪೊದ್ದು. ನಡುವೆ ಜಿಪಿಯು ಅಂತ ಕಂಡರೆ ಗ್ರಾಫಿಕ್ಸ್-ಡ್ರೈವರ್ಸ್ ಪಿಪಿಎ (ಉಬುಂಟುವಿನ ಮುಖ್ಯ ಭಂಡಾರದ ಹೊರಗಿನ ರೆಪೊ). ಸೋರ್ಸಸ್.ಲಿಸ್ಟ್.ಡಿ ಒಳಗೆ ಕುಡಾದ ಸಾಲನ್ನೂ ಇಲ್ಲಿ ಹಾಕಿ.

ಕಡೆಕಾರು_ಎಡಿಟರ್:

ನೋಡಿದೆ. 64 ಬಿಟ್‌ನ ಲಿಬ್‌ಎನ್ವಿಡಿಯಾ-ಕಂಪ್ಯೂಟ್ ಮತ್ತು ಇನ್ನೊಂದೆರಡು 0ಉಬುಂಟು1 ಆಗಿವೆ. ಐ386ನವು ಎಲ್ಲ 0ಉಬುಂಟು0.22.04.1ರಲ್ಲೇ ಉಂಟು. ಕುಡಾ ಸಾಲಿನಲ್ಲಿ ಆರ್ಚ್=ಎಎಮ್‌ಡಿ64 (64 ಬಿಟ್ ಮಾತ್ರ) ಅಂತ ಬರೆದಿದೆ. ಪಾಲಿಸಿಯಲ್ಲಿ ಕುಡಾ ಎದುರು 600, ಉಬುಂಟು ಎದುರು 500.

ಕೊಡಿಯಾಲ್_ಟರ್ಮಿನಲ್:

ಹಾಗಾದರೆ ಇಷ್ಟೇ ಕಥೆ. ಕುಡಾ ರೆಪೊ ಹಾಕುವಾಗ ಪ್ರಿಫರೆನ್ಸಸ್.ಡಿ ಒಳಗೆ ಕುಡಾ-ರೆಪೊಸಿಟರಿ-ಪಿನ್-600 ಎಂಬ ಫೈಲ್ ಇಟ್ಟಿರ್ತೀರಿ. ಪಿನ್ ಎಂದರೆ ಯಾವ ಮೂಲಕ್ಕೆ ಎಷ್ಟು ಆದ್ಯತೆ ಎಂಬ ಅಂಕ; ಮಾಮೂಲಿ ಅಂಕ 500, ಇದು 600, ಹಾಗಾಗಿ ಡ್ರೈವರಿಗೂ ಆ ಮೂಲವೇ ಗೆಲ್ಲುವುದು. ಈ ಲೈಬ್ರರಿಗಳು ಮಲ್ಟಿ-ಆರ್ಚ್ ಸೇಮ್ ಜಾತಿಯವು. ಎಂದರೆ 64 ಬಿಟ್ ಮತ್ತು 32 ಬಿಟ್ ಎರಡೂ ಒಟ್ಟಿಗೆ ಇರಬಹುದು, ಆದರೆ ಆವೃತ್ತಿ ಬಾಲದ ಸಮೇತ ಒಂದೇ ಆಗಿರಬೇಕು. 535.183.01 ಎರಡರಲ್ಲೂ ಇದ್ದರೆ ಸಾಲದು. 64 ಬಿಟ್‌ನದ್ದನ್ನು ಕುಡಾ ಎಳೆಯುತ್ತದೆ. ಐ386ನ ಜೋಡಿ ಆ ರೆಪೊದಿಂದ ಬರದ ಹಾಗೆ ಆರ್ಚ್ ಸಾಲು ಬಾಗಿಲು ಹಾಕಿದೆ.

ನಿಮ್ಮ ಕೆಲಸಕ್ಕೆ ಆ ರೆಪೊವೇ ಬೇಕಾಗಿಲ್ಲ ಎಂಬುದು ಇನ್ನೊಂದು ವಿಷಯ. ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ಹಾಕುವ ಕಮಾಂಡ್) ಹಾಕುವ ಪೈಟಾರ್ಚ್, ಎಂದರೆ ವಿಸ್ಪರ್ ಓಡಲು ಬೇಕಾದ ಲೈಬ್ರರಿ, ತನಗೆ ಬೇಕಾದ ಕುಡಾ ಲೈಬ್ರರಿಗಳನ್ನು ತಾನೇ ತರ್ತದೆ. ಸಿಸ್ಟಮ್‌ನಿಂದ ಬೇಕಾದ್ದು ಡ್ರೈವರ್ ಒಂದೇ. ಕುಡಾ 12ಕ್ಕೆ 525.60.13ರಿಂದ ಮೇಲಿನದ್ದು ಸಾಕು, 535 ಧಾರಾಳ.

ಮೊದಲು ರೆಪೊ ಬದಿಗಿಡಿ. ಕುಡಾದ ಲಿಸ್ಟ್ ಫೈಲಿನ ಹೆಸರಿನ ಕೊನೆಗೆ ಡಾಟ್ ಡಿಸೇಬಲ್ಡ್ ಸೇರಿಸಿ, ಪಿನ್ ಫೈಲನ್ನು ಹೋಮ್ ಫೋಲ್ಡರಿಗೆ ಸಾಗಿಸಿ, ಆಪ್ಟ್ ಅಪ್‌ಡೇಟ್ ಕೊಡಿ. ಇಷ್ಟಕ್ಕೇ ಸರಿಯಾಗುವುದಿಲ್ಲ. ಆಗಲೇ ಕೂತಿರುವ 0ಉಬುಂಟು1 ಅಂಕಿಯಲ್ಲಿ ದೊಡ್ಡದು. ಪಿನ್ 1000 ದಾಟದೆ ಆಪ್ಟ್ ಕೆಳಗಿನ ಆವೃತ್ತಿಗೆ ಇಳಿಯುವುದಿಲ್ಲ. ಹಾಗಾಗಿ ಈಗ ಪರ್ಜ್:

ಸುಡೊ ಆಪ್ಟ್ ಪರ್ಜ್ '^ಎನ್ವಿಡಿಯಾ-.*' '^ಲಿಬ್‌ಎನ್ವಿಡಿಯಾ-.*' '^ಲಿನಕ್ಸ್-ಮಾಡ್ಯೂಲ್ಸ್-ಎನ್ವಿಡಿಯಾ-.*'

ಕೋಟ್ ಗುರುತು ಬಿಡಬೇಡಿ, ಬಿಟ್ಟರೆ ನಕ್ಷತ್ರ ಚಿಹ್ನೆಯನ್ನು ಶೆಲ್ ತನಗೆ ಬೇಕಾದ ಹಾಗೆ ಬಿಡಿಸಿಕೊಳ್ತದೆ. ವೈ ಒತ್ತುವ ಮೊದಲು ತೆಗೆಯುವ ಪಟ್ಟಿ ಪೂರ್ತಿ ಓದಿ. ಉಬುಂಟು-ಡೆಸ್ಕ್‌ಟಾಪ್ ಅಥವಾ ಜಿಡಿಎಮ್3 (ಲಾಗಿನ್ ಪರದೆ) ಕಂಡರೆ ಎನ್ ಒತ್ತಿ ಪಟ್ಟಿಯನ್ನು ಇಲ್ಲಿ ಹಾಕಿ.

ಪರ್ಜ್ ಆದ ಮೇಲೆ ರೀಬೂಟ್ ಬೇಡ. ಮೆಮೊರಿಯಲ್ಲಿ ಹಳೆ ಮಾಡ್ಯೂಲ್ (ಕರ್ನಲ್ ಒಳಗೆ ಕೂರುವ ಡ್ರೈವರ್ ಭಾಗ) ಇನ್ನೂ ಇರುವುದರಿಂದ ತೆರೆದಿರುವ ಪರದೆ ನಡೀತದೆ. ಡಿಪಿಕೆಜಿ ಪಟ್ಟಿಯನ್ನು ಇನ್ನೊಮ್ಮೆ ನೋಡಿ, 0ಉಬುಂಟು1 ಬಾಲದ್ದು ಒಂದೂ ಉಳಿದಿರಬಾರದು. ನಂತರ ಆಪ್ಟ್ ಇನ್‌ಸ್ಟಾಲ್ -ಎಸ್ ಎನ್ವಿಡಿಯಾ-ಡ್ರೈವರ್-535 ಕೊಟ್ಟು ನೋಡಿ. -ಎಸ್ ಎಂದರೆ ಬರೀ ನಾಟಕ, ಏನೂ ಬದಲಾಗುವುದಿಲ್ಲ. ಎರರ್ ಬರದಿದ್ದರೆ:

ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್ ಎನ್ವಿಡಿಯಾ:535

-ಎಸ್‌ನಲ್ಲೂ ತಕರಾರು ಬಂದರೆ ಆಪ್ಟ್‌ಗೆ -ಓ ಡೀಬಗ್::ಪಿಕೆಜಿಪ್ರಾಬ್ಲಮ್‌ರಿಸಾಲ್ವರ್=ಯೆಸ್ ಸೇರಿಸಿ. ಯಾವ ಪ್ಯಾಕೇಜಿನ ಹತ್ತಿರ ಸಿಕ್ಕಿಬಿದ್ದಿದೆ ಅಂತ ಒಂದೊಂದಾಗಿ ಬಿಚ್ಚಿ ಹೇಳ್ತದೆ.

ಸುರತ್ಕಲ್_ಮಾಡ್ಯೂಲ್:

ಮೇಲಿನದ್ದು ಸರಿ. ಎರಡು ಸಂಗತಿ ಸೇರಿಸ್ತೇನೆ, ಇದೇ ಎರರ್ ಹುಡುಕಿ ಬರುವ ಬೇರೆಯವರಿಗೂ ಬೇಕಾಗುತ್ತದೆ.

ಉಬುಂಟು-ಡ್ರೈವರ್ಸ್ ಮೂಲಕ ಹೋದರೆ ಸಾಮಾನ್ಯವಾಗಿ ಮೊದಲೇ ಬಿಲ್ಡ್ ಆಗಿ ಸಹಿ ಹಾಕಿದ ಮಾಡ್ಯೂಲ್ ಸಿಗ್ತದೆ. ಹಾಗಾಗಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ್ದನ್ನು ಲೋಡ್ ಆಗಲು ಬಿಡದ ವ್ಯವಸ್ಥೆ) ಆನ್ ಇದ್ದರೂ ಓಡ್ತದೆ. ಎನ್ವಿಡಿಯಾ-ಡಿಕೆಎಮ್‌ಎಸ್-535 ಎಳೆದುಕೊಂಡರೆ ಮಾಡ್ಯೂಲನ್ನು ನಿಮ್ಮ ಮೆಷಿನ್‌ನಲ್ಲೇ ಬಿಲ್ಡ್ ಮಾಡಬೇಕು. 22.04ರಲ್ಲಿ ಹೆಚ್ಚಿನವರು ಎಡವುವುದು ಅಲ್ಲೇ. ಅಲ್ಲಿ ಮಾಮೂಲಿ ಕಂಪೈಲರ್ ಜಿಸಿಸಿ 11; 6.5 ಮತ್ತು 6.8 ಎಚ್‌ಡಬ್ಲ್ಯುಇ ಕರ್ನಲ್‌ಗಳು ಬಿಲ್ಡ್ ಆದದ್ದು ಜಿಸಿಸಿ 12ರಲ್ಲಿ. ಕರ್ನಲ್ ಕೊಡುವ ಎಫ್‌ಟ್ರಿವಿಯಲ್-ಆಟೊ-ವಾರ್-ಇನಿಟ್ ಎಂಬ ಆಯ್ಕೆ 11ಕ್ಕೆ ಗೊತ್ತೇ ಇಲ್ಲ, ಬಿಲ್ಡ್ ಬೀಳ್ತದೆ. ಆಪ್ಟ್ ಆಗ ಎನ್ವಿಡಿಯಾ-ಡಿಕೆಎಮ್‌ಎಸ್ ಕಾನ್ಫಿಗರ್ ಆಗಲಿಲ್ಲ ಅಂತಷ್ಟೇ ಹೇಳುವುದರಿಂದ ಇದೂ ಡಿಪೆಂಡೆನ್ಸಿ ಜಗಳದ ಹಾಗೇ ಕಾಣ್ತದೆ. ನಿಜ ಕಾರಣ ಇರುವುದು /ವಾರ್/ಲಿಬ್/ಡಿಕೆಎಮ್‌ಎಸ್ ಕೆಳಗಿನ ಮೇಕ್.ಲಾಗ್‌ನಲ್ಲಿ. ಜಿಸಿಸಿ-12 ಮತ್ತು ಓಡುತ್ತಿರುವ ಕರ್ನಲ್ಲಿನ ಹೆಡರ್ಸ್ ಹಾಕಿ, ಡಿಪಿಕೆಜಿ --ಕಾನ್ಫಿಗರ್ -ಎ ಕೊಡಿ. ಡಿಕೆಎಮ್‌ಎಸ್ ಜೊತೆ ಸೆಕ್ಯೂರ್ ಬೂಟ್ ಇದ್ದರೆ ಇನ್‌ಸ್ಟಾಲ್ ನಡುವೆ ಪಾಸ್‌ವರ್ಡ್ ಕೇಳ್ತದೆ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬರ್ತದೆ. ಅಲ್ಲಿ ಎನ್‌ರೋಲ್ ಮೋಕ್ (ನಿಮ್ಮ ಮೆಷಿನ್‌ನ ಸಹಿ ಕೀಲಿಯನ್ನು ಒಪ್ಪಿಕೊಳ್ಳುವ ಆಯ್ಕೆ) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಸುಮ್ಮನೆ ಕಂಟಿನ್ಯೂ ಒತ್ತಿದರೆ ಮಾಡ್ಯೂಲ್ ಲೋಡ್ ಆಗುವುದಿಲ್ಲ.

ಎರಡನೆಯದು ಹೋಲ್ಡ್. ಸರಿಯಾದ ಖುಷಿಯಲ್ಲಿ ಎನ್ವಿಡಿಯಾ-ಡ್ರೈವರ್-535 ಒಂದನ್ನೇ ಆಪ್ಟ್-ಮಾರ್ಕ್ ಹೋಲ್ಡ್ ಮಾಡುವವರಿದ್ದಾರೆ. ಅದು ಬರೀ ಹೆಸರಿನ ಪ್ಯಾಕೇಜ್, ಲೈಬ್ರರಿಗಳು ಬೇರೆ. ಮುಂದಿನ ಅಪ್‌ಡೇಟ್ ಬಂದಾಗ ಲೈಬ್ರರಿ ಮೇಲೆ ಹೋಗಲು ನೋಡ್ತದೆ, ಮೇಲಿನದ್ದು ಬಿಡುವುದಿಲ್ಲ, ಪುನಃ ಇದೇ ಪಂಚಾಯಿತಿ. ಹೋಲ್ಡ್ ಹಾಕುವುದಾದರೆ ಎರಡೂ ಆರ್ಕಿಟೆಕ್ಚರ್‌ನ ಎಲ್ಲ ಎನ್ವಿಡಿಯಾ ಪ್ಯಾಕೇಜಿಗೂ ಹಾಕಿ, ಇಲ್ಲದಿದ್ದರೆ ಹಾಕಲೇಬೇಡಿ. ಅಪ್‌ಡೇಟ್ ಸಾಲಿನಲ್ಲಿ ಕೆಪ್ಟ್ ಬ್ಯಾಕ್ ಅಂತ ಕಂಡ ಕೂಡಲೇ ಹೆದರುವುದೂ ಬೇಡ. ಉಬುಂಟು ಕೆಲವು ಅಪ್‌ಡೇಟ್‌ಗಳನ್ನು ಹಂತ ಹಂತವಾಗಿ ಬಿಡ್ತದೆ, ನಿಮ್ಮ ಸರದಿ ಬಾರದಿದ್ದರೂ ಅದೇ ಮಾತು ಬರುವುದು.

ಕುಡಾ ಟೂಲ್‌ಕಿಟ್ ನಿಜವಾಗಿಯೂ ಬೇಕಾದವರು ರೆಪೊ ಇಟ್ಟುಕೊಂಡೇ ಡ್ರೈವರನ್ನು ಮಾತ್ರ ತಡೆಯಬಹುದು. ಪ್ರಿಫರೆನ್ಸಸ್.ಡಿಯಲ್ಲಿ ಹೊಸ ಫೈಲ್: ಪ್ಯಾಕೇಜ್ ಎದುರು *ಎನ್ವಿಡಿಯಾ* ಮತ್ತು ಕುಡಾ-ಡ್ರೈವರ್ಸ್*, ಪಿನ್ ಎದುರು ಆ ರೆಪೊದ ಹೋಸ್ಟ್ ಹೆಸರನ್ನು ಒರಿಜಿನ್ ಎಂದು, ಪಿನ್-ಪ್ರಯಾರಿಟಿ ಎದುರು -1. ಆಮೇಲೆ ಹಾಕಬೇಕಾದ್ದು ಕುಡಾ-ಟೂಲ್‌ಕಿಟ್. ಬರೀ ಕುಡಾ ಅಂತ ಹಾಕಿದರೆ ಅದು ಡ್ರೈವರನ್ನೂ ಎಳೆಯುತ್ತದೆ.

ಪಡುಬಿದ್ರಿ_ಇನ್ವರ್ಟರ್:

ಈ ಮಳೆಯಲ್ಲಿ ಒಂದು ಸಣ್ಣ ಮಾತು. ಇನ್‌ಸ್ಟಾಲ್‌ಗೆ ಮೊದಲು -ಡಿ ಸೇರಿಸಿ ಡೌನ್‌ಲೋಡ್ ಮಾತ್ರ ಮಾಡಿಟ್ಟುಕೊಳ್ಳಿ, ಕೆಲವು ನೂರು ಎಂಬಿ ಉಂಟು. ಡೌನ್‌ಲೋಡ್ ನಡುವೆ ಕರೆಂಟ್ ಹೋದರೆ ನಷ್ಟ ಇಲ್ಲ, ಅನ್‌ಪ್ಯಾಕ್ ಆಗುವಾಗ ಹೋದರೆ ತಲೆನೋವು. ಹಾಗೇನಾದರೂ ಆದರೆ ಗ್ರಬ್‌ನಿಂದ ರಿಕವರಿ ಮೋಡ್‌ಗೆ ಹೋಗಿ ಡಿಪಿಕೆಜಿ --ಕಾನ್ಫಿಗರ್ -ಎ, ಆಮೇಲೆ ಆಪ್ಟ್ -ಎಫ್ ಇನ್‌ಸ್ಟಾಲ್. ಯುಪಿಎಸ್ ಇದ್ದರೆ ಬಚಾವ್.

ಕಡೆಕಾರು_ಎಡಿಟರ್:

ಪರ್ಜ್ ಪಟ್ಟಿಯಲ್ಲಿ ಡೆಸ್ಕ್‌ಟಾಪಿನದ್ದು ಯಾವುದೂ ಇರಲಿಲ್ಲ. 535 ಎರರ್ ಇಲ್ಲದೆ ಕೂತಿತು. ಎಲ್ಲದರ ಬಾಲ ಈಗ 0.22.04.1. ಆದರೆ ಡ್ರೈವರ್ ಸ್ಥಿತಿ ನೋಡಲು ಎನ್ವಿಡಿಯಾ-ಎಸ್‌ಎಮ್‌ಐ ಕೊಟ್ಟರೆ "ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್" ಅನ್ನುತ್ತದಲ್ಲ?

ಕೊಡಿಯಾಲ್_ಟರ್ಮಿನಲ್:

ಈಗ ರೀಬೂಟ್ ಮಾಡಿ. ಕರ್ನಲ್ ಒಳಗೆ ಹಳೆ ಮಾಡ್ಯೂಲ್ ಕೂತಿದೆ, ಡಿಸ್ಕಿನಲ್ಲಿರುವುದು ಹೊಸ ಲೈಬ್ರರಿ. ರೀಬೂಟ್ ಆದ ಮೇಲೆ /ಪ್ರೊಕ್/ಡ್ರೈವರ್/ಎನ್ವಿಡಿಯಾ/ವರ್ಷನ್ ನೋಡಿ, ಲೈಬ್ರರಿಯದ್ದೇ ಅಂಕಿ ಬರಬೇಕು.

ಕಡೆಕಾರು_ಎಡಿಟರ್:

ಸರಿಯಾಯಿತು. ಕುಡಾ ರೆಪೊ ತೆಗೆದಿದ್ದರೂ ಎಸ್‌ಎಮ್‌ಐ ಮೇಲ್ಗಡೆ ಕುಡಾ ವರ್ಷನ್ 12.2 ಅಂತ ತೋರಿಸ್ತಾ ಉಂಟು. ಇನ್ನೂ ಎಲ್ಲಾದರೂ ಉಳಿದಿದೆಯಾ?

ಸುರತ್ಕಲ್_ಮಾಡ್ಯೂಲ್:

ಇಲ್ಲ. ಅದು ಈ ಡ್ರೈವರ್ ಹೆಚ್ಚೆಂದರೆ ಎಲ್ಲಿಯವರೆಗಿನ ಕುಡಾ ಓಡಿಸ್ತದೆ ಎಂಬ ಅಂಕಿ, ಹಾಕಿರುವ ಟೂಲ್‌ಕಿಟ್‌ನದ್ದಲ್ಲ. 535ಕ್ಕೆ 12.2 ಸರಿಯೇ. ಪೈಟಾರ್ಚ್ ಒಳಗೆ ಟಾರ್ಚ್.ಕುಡಾ.ಈಸ್_ಅವೇಲಬಲ್ ಕೇಳಿ ಟ್ರೂ ಬಂದರೆ ವಿಸ್ಪರ್ ಹಚ್ಚಿ. 4 ಜಿಬಿಯಲ್ಲಿ ಲಾರ್ಜ್ ಮಾಡೆಲ್ ಹಿಡಿಯುವುದಿಲ್ಲ, ಸ್ಮಾಲ್‌ನಿಂದ ಶುರು ಮಾಡಿ.