ಪುಟ್ಟಿಯ ಡೇರೆ ಗೆಡ್ಡೆಗೆ ದೊಡ್ಡಮ್ಮನ ಉತ್ತರ

ಪುಟ್ಟೀ, ನಿನ್ನ ಮೆಸೇಜು ಈಗ ನೋಡಿದೆ. "ದೊಡ್ಡಮ್ಮಾ, ನೀವು ಕೊಟ್ಟ ಡೇರೆ ಗೆಡ್ಡೆ ಕುಂಡದಲ್ಲಿ ನೆಟ್ಟು ಮೂರು ವಾರ ಆಯ್ತು. ದಿನಾ ಬೆಳಿಗ್ಗೆ ಸಂಜೆ ನೀರು ಹಾಕ್ತಿದ್ದೀನಿ. ಒಂದು ಮೊಳಕೆಯೂ ಇಲ್ಲ. ಸತ್ತೇ ಹೋಯ್ತಾ?" ಅಂತ ಕೇಳಿದ್ದೀಯ. ಬೆಳಿಗ್ಗೆ ಸಂಜೆ ನೀರು ಅಂತ ಓದಿದ ಕೂಡಲೇ ನನ್ನ ಎದೆ ಧಸಕ್ ಎಂದಿತು. ಮೊದಲು ಆ ಚೊಂಬು ಕೆಳಗಿಡು. ಮೊಳಕೆ ಮಣ್ಣಿನಿಂದ ಮೇಲೆ ಬರುವವರೆಗೆ ಡೇರೆಗೆ, ಅಂದರೆ ಪೇಟೆಯವರು ಡೇಲಿಯಾ ಅನ್ನುವ ಹೂವಿನ ಗೆಡ್ಡೆಗೆ, ನೀರು ಹಾಕಬಾರದು. ಇವತ್ತು ಸಂಜೆಯೂ ಹಾಕಬೇಡ. ಅಡುಗೆ ಮುಗಿಸಿ ಜಗಲಿಯಲ್ಲಿ ಕೂತಿದ್ದೇನೆ, ಸ್ವಲ್ಪ ಉದ್ದ ಆದೀತು. ಮನೆ ಗ್ರೂಪಿನಲ್ಲಿರುವ ಎಲ್ಲರೂ ಕೇಳಿ.

ನಮ್ಮ ಮನೆ ಡೇರೆಯ ವಿಷಯ ನಿಮಗೆಲ್ಲ ಗೊತ್ತೇ ಇದೆ. ಅಜ್ಜಿ ಇದ್ದಾಗ ಜಗಲಿ ಮೆಟ್ಟಿಲಿನಿಂದ ಬಾವಿಕಟ್ಟೆವರೆಗೂ ಮಣ್ಣು ಎತ್ತರಿಸಿ ಏರಿ ಹಾಕುತ್ತಿದ್ದರು. ರೋಹಿಣಿ ಮಳೆ ನಾಲ್ಕು ಹನಿ ಬಿದ್ದರೆ ಅಟ್ಟದಿಂದ ಗೆಡ್ಡೆಯ ಕುಕ್ಕೆ ಇಳಿಯುತ್ತಿತ್ತು. ಗೌರಿ ಹಬ್ಬದ ಹೊತ್ತಿಗೆ ಅಂಗಳದಲ್ಲಿ ಹೂವೋ ಹೂವು. ಅರಿಶಿನ ಬಣ್ಣದ್ದು, ಬಿಳಿ, ನೇರಳೆ, ಚೆಂಡಿನ ಹಾಗೆ ಗುಂಡಗಿನದ್ದು. ಶಿರಸಿ ಅತ್ತಿಗೆ ಬಂದರೆ ಊಟಕ್ಕೂ ಮೊದಲು ಏರಿ ನೋಡಲು ಹೋಗುತ್ತಿದ್ದರು.

ಅದರಲ್ಲಿ ಒಂದಿತ್ತು. ದೊಡ್ಡವರಿಗೆ ನೆನಪಿರಬೇಕು. ಕಡುಗೆಂಪು ಎಸಳು, ತುದಿ ಮಾತ್ರ ಬಿಳಿ. ಒಂದೊಂದು ಎಸಳಿನ ತುದಿಯನ್ನೂ ಸುಣ್ಣದಲ್ಲಿ ಅದ್ದಿ ತೆಗೆದಷ್ಟು ಸ್ಪಷ್ಟ. ಅಜ್ಜಿ ಅದನ್ನು ತುದಿಬಿಳಿ ಅಂತಲೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ತವರಿಗೆ ಹೋದಾಗ ಸೆರಗಿನ ತುದಿಗೆ ಕಟ್ಟಿಕೊಂಡು ತಂದ ಗೆಡ್ಡೆಯಂತೆ.

ಅಜ್ಜಿಗೆ ಹೊಟ್ಟೆ ಆಪರೇಷನ್ ಆದ ವರ್ಷ ನಾನೂ ನಿಮ್ಮ ದೊಡ್ಡಪ್ಪನೂ ಅವರ ಜೊತೆ ಶಿವಮೊಗ್ಗದಲ್ಲೇ ಉಳಿದಿದ್ದೆವು. ಹೊರಡುವ ಮುಂಚೆ ಅಜ್ಜಿ ಆ ನೋವಿನಲ್ಲೂ ಗೆಡ್ಡೆ ಎಲ್ಲ ಏರಿಗೆ ಹಾಕಿಸಿದ್ದರು. ಮನೆ ನೋಡಿಕೊಳ್ಳಲು ಒಬ್ಬರು ಬಂದಿದ್ದರು. ಯಾರು ಅಂತ ಹೇಳುವುದಿಲ್ಲ. ಅವರು ಕೆಟ್ಟವರಲ್ಲ. ಮನೆಯವರು ಬರುವಾಗ ಗಿಡ ಎದ್ದಿರಲಿ ಅಂತ ಪ್ರೀತಿಯಿಂದಲೇ ದಿನಾ ಎರಡು ಹೊತ್ತು ಕೊಡಪಾನದಲ್ಲಿ ನೀರು ಹೊಯ್ದಿದ್ದಾರೆ. ಮೊಳಕೆ ಬರಲಿಲ್ಲ ಅಂತ ಇನ್ನೂ ಜಾಸ್ತಿ ಹೊಯ್ದಿದ್ದಾರೆ.

ನಾವು ವಾಪಸ್ ಬಂದೆವು. ಏರಿ ಬೋಳಾಗಿತ್ತು. ನಾನೇ ಕೈಯಲ್ಲಿ ಮಣ್ಣು ಸರಿಸಿದೆ. ತುದಿಬಿಳಿಯ ಗೆಡ್ಡೆ ಕೈಗೆ ಸಿಕ್ಕಿತು. ಮೇಲಿಂದ ನೋಡಿದರೆ ಏನೂ ಆಗಿಲ್ಲ, ಸಿಪ್ಪೆ ಇದ್ದ ಹಾಗೇ ಇದೆ. ಸದ್ಯ ಉಳಿಯಿತು ಅಂದುಕೊಂಡೆ. ಎತ್ತಲು ಹೋದರೆ ಹೆಬ್ಬೆರಳು ಸೀದಾ ಒಳಗೆ ಹೋಯಿತು. ಒಳಗೆಲ್ಲ ಬೆಳ್ಳಗೆ ನೀರು ನೀರು. ಆ ವಾಸನೆ ಸೋಪು ಹಾಕಿ ತೊಳೆದರೂ ಬೆರಳಿನಿಂದ ಹೋಗಲಿಲ್ಲ. ಪಕ್ಕದ್ದು ಅಗೆದರೆ ಅದೂ ಹಾಗೇ. ಅದರ ಪಕ್ಕದ್ದೂ ಹಾಗೇ. ಅರಿಶಿನ, ಬಿಳಿ, ನೇರಳೆ ಬಣ್ಣದ ಕೆಲವು ಮಾತ್ರ ಏರಿಯ ಎತ್ತರದ ಮೂಲೆಯಲ್ಲಿದ್ದವು, ಉಳಿದವು.

ಅಜ್ಜಿ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಬಂದವರಿಗೆ ಒಂದು ಮಾತೂ ಅನ್ನಲಿಲ್ಲ. ಕಾಫಿ ಕೊಟ್ಟು ಕಳಿಸಿದರು. ಹೊಲಿಗೆ ಒಣಗಿದ ಮೇಲೆ ಒಂದೊಂದೇ ಮನೆಗೆ ಹೋಗಿ, ನಾನು ಕೊಟ್ಟ ತುದಿಬಿಳಿ ಇದೆಯಾ ಅಂತ ಕೇಳಿದರು. ಎಲ್ಲೂ ಇರಲಿಲ್ಲ. ತವರಿನಲ್ಲೂ ಹೋಗಿಬಿಟ್ಟಿತ್ತು. ಬೀಜ ಹಾಕಿ ಮಾಡಬಹುದಲ್ಲ ಅಂತ ಯಾರೋ ಅಂದರು. ಡೇರೆ ಬೀಜದಿಂದ ಗಿಡವೇನೋ ಬರುತ್ತದೆ, ತಾಯಿಯ ಬಣ್ಣ ಬರುವುದಿಲ್ಲ. ಒಂದೊಂದು ಬೀಜಕ್ಕೆ ಒಂದೊಂದು ಬಣ್ಣ. ಅದೇ ಹೂವು ಬೇಕಾದರೆ ಅದೇ ಗೆಡ್ಡೆ ಬೇಕು, ಇಲ್ಲ ಅದೇ ಗಿಡದ ಕುಡಿ ಮುರಿದು ನೆಟ್ಟಿರಬೇಕು. ಎರಡೂ ಇಲ್ಲ ಅಂದರೆ ಆ ಬಣ್ಣ ಹೋಯಿತು ಅಂತಲೇ ಲೆಕ್ಕ.

ಅದಕ್ಕೇ ಇಷ್ಟು ಹೇಳುತ್ತಿರುವುದು. ಮಲಗಿರುವ ಗೆಡ್ಡೆಗೆ ಬಿಳಿ ಬೇರು ಇರುವುದಿಲ್ಲ. ಬೇರೇ ಇಲ್ಲದ ಮೇಲೆ ನೀರು ಕುಡಿಯುವುದು ಹೇಗೆ? ಮೊಳಕೆ ಎಬ್ಬಿಸಲು ಬೇಕಾದ ನೀರು, ಆಹಾರ ಎರಡೂ ಅದರ ಹೊಟ್ಟೆಯಲ್ಲೇ ಇದೆ. ನಾವು ಹೊಯ್ದದ್ದು ಸುಮ್ನೆ ಸುತ್ತ ನಿಂತು ಕೊಳೆಸುತ್ತದೆ. ನನ್ನ ಮಗ ಓದಿ ಹೇಳಿದ, ಡೇರೆ ಮೂಲದಲ್ಲಿ ಮೆಕ್ಸಿಕೋ ದೇಶದ ಬೆಟ್ಟದ ಗಿಡವಂತೆ. 1789ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ ತೋಟಕ್ಕೆ ಹೋಗಿ, ಅಲ್ಲಿಂದ ಊರೂರಿಗೆ ಹರಡಿದ್ದು. ಆ ಬೆಟ್ಟದಲ್ಲೂ ನಮ್ಮ ಹಾಗೇ, ಕೆಲವು ತಿಂಗಳು ಮಳೆ, ಚಳಿಗಾಲ ಪೂರಾ ಒಣ. ಆ ಒಣ ತಿಂಗಳು ಕಳೆಯಲಿಕ್ಕೇ ಗೆಡ್ಡೆ ಕಟ್ಟಿಕೊಳ್ಳುವುದು. ಮತ್ತೆ ಹೇಳುತ್ತೇನೆ, ಗ್ರೂಪಿನಲ್ಲಿ ಗೆಡ್ಡೆ ತೆಗೆದುಕೊಂಡು ಹೋದವರೆಲ್ಲ ಕೇಳಿಸಿಕೊಳ್ಳಿ: ಹಸಿರು ಕಾಣುವವರೆಗೆ ನೀರು ಬೇಡ.

ಹಾಗಾದರೆ ಮಲೆನಾಡಿನ ಜಡಿಮಳೆಗೆ ಯಾಕೆ ಕೊಳೆಯುವುದಿಲ್ಲ ಅಂತ ಪುಟ್ಟಿಯ ಅಣ್ಣ ಕೇಳಿಯೇ ಕೇಳುತ್ತಾನೆ. ಕೊಳೆಯುತ್ತದಪ್ಪಾ, ತಗ್ಗಿನಲ್ಲಿ ನೆಟ್ಟರೆ ಕೊಳೆಯುತ್ತದೆ. ಅದಕ್ಕೇ ಏರಿ ಹಾಕುವುದು, ನೀರು ಇಳಿದು ಹೋಗಲಿ ಅಂತ. ರೋಹಿಣಿಗೇ ನೆಡುವುದೂ ಅದಕ್ಕೇ. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಗಿಡ ಎದ್ದು ಬೇರು ಬಿಟ್ಟಿರುತ್ತದೆ, ಆಗ ಬುಡದಲ್ಲಿ ನೀರು ನಿಲ್ಲದಿದ್ದರೆ ಮಳೆಯನ್ನು ತಡೆದುಕೊಳ್ಳುತ್ತದೆ.

ಈಗ ಆ ಏರಿ ಎಲ್ಲಿದೆ ಹೇಳಿ. ಹಿಸ್ಸೆ ಆದಾಗ ಪಟ್ಟಿ ಬರೆದರಲ್ಲ, ಅಡಿಕೆ ಮರ ಎಣಿಸಿದರು, ತೆಂಗು ಎಣಿಸಿದರು, ತಾಮ್ರದ ಹಂಡೆ ಯಾರಿಗೆ, ಒನಕೆ ಯಾರಿಗೆ ಅಂತ ರಾತ್ರಿ ಹನ್ನೊಂದರವರೆಗೆ ಮಾತಾಡಿದರು. ಅಜ್ಜಿಯ ಡೇರೆ ಗೆಡ್ಡೆ ಯಾರ ಪಟ್ಟಿಯಲ್ಲೂ ಇರಲಿಲ್ಲ. ನಾನು ಬಾಗಿಲ ಹಿಂದೆ ನಿಂತು, ಹೂವಿನ ಏರಿ ಯಾರ ಪಾಲಿಗೆ ಅಂತ ಕೇಳಿದೆ. ಅದೆಲ್ಲ ಹೆಂಗಸರ ವಿಷಯ, ಆಮೇಲೆ ನೋಡಿಕೊಂಡರಾಯಿತು ಅಂದರು. ಆಮೇಲೆ ಯಾರೂ ನೋಡಲಿಲ್ಲ. ಅಂಗಳ ಭಾವನವರ ಪಾಲಿಗೆ ಬಂತು. ಈಗ ಅಲ್ಲಿ ಕಾರು ನಿಲ್ಲಿಸಲು ಇಂಟರ್‌ಲಾಕ್ ಹಾಕಿಸಿದ್ದಾರೆ. ಭಾವ ಗ್ರೂಪಿನಲ್ಲೇ ಇದ್ದಾರೆ, ಬೇಜಾರು ಮಾಡಿಕೊಳ್ಳಬಾರದು, ಕಾರು ಕೆಸರಲ್ಲಿ ಹೂತು ಹೋಗುತ್ತಿದ್ದುದು ನನಗೂ ಗೊತ್ತು. ಆದರೆ ಕೆಲಸದವರು ಬರುವ ಹಿಂದಿನ ದಿನ ಒಂದು ಮಾತು ಹೇಳಿದ್ದರೆ ಅಡಿಯಲ್ಲಿದ್ದ ಗೆಡ್ಡೆಯನ್ನಾದರೂ ಎತ್ತಿಕೊಳ್ಳುತ್ತಿದ್ದೆವು. ನೇರಳೆ ಬಣ್ಣದ್ದು ಅಷ್ಟೂ ಆ ಕಲ್ಲಿನ ಅಡಿಗೆ ಹೋಯಿತು. ಮೂವತ್ತು ವರ್ಷ ಅಜ್ಜಿ ಸಗಣಿ, ಬೂದಿ, ಸೊಪ್ಪು ಹಾಕಿ ಹದ ಮಾಡಿದ ಮಣ್ಣು. ಅದನ್ನು ಟಿಪ್ಪರಿಗೆ ತುಂಬಿ ರಸ್ತೆ ಗುಂಡಿಗೆ ಹಾಕಿದರು. ಆಸ್ತಿ ಅಂದರೆ ಗಂಡಸರು ಎಣಿಸಿದ್ದು ಮಾತ್ರ ಅಂತ ಆಗಿಬಿಟ್ಟಿದೆ ನಮ್ಮಲ್ಲಿ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ನನ್ನ ಹತ್ತಿರ ಇರುವುದು ಕೊಟ್ಟಿಗೆ ಹಿಂದಿನ ಜಾಗದಲ್ಲಿ ಹಾಕಿಕೊಂಡದ್ದು. ಅರಿಶಿನ ಬಣ್ಣದ್ದು, ಬಿಳಿ, ಮತ್ತೆ ಶಿರಸಿ ಅತ್ತಿಗೆ ಕೊಟ್ಟ ಒಂದು ತಿಳಿಗುಲಾಬಿ. ಪುಟ್ಟಿಗೆ ಕೊಟ್ಟದ್ದೂ ಆ ಅರಿಶಿನ ಬಣ್ಣದ್ದೇ.

ಅಯ್ಯೋ, ಪುಟ್ಟಿ ಕೇಳಿದ್ದಕ್ಕೆ ಉತ್ತರವೇ ಹೇಳಿಲ್ಲ. ಮಗಾ, ಮೂರು ವಾರಕ್ಕೇ ಸತ್ತಿದೆ ಅಂದುಕೊಳ್ಳಬೇಡ. ಕೆಲವು ಎರಡೇ ವಾರದಲ್ಲಿ ಏಳುತ್ತವೆ, ಕೆಲವು ತಿಂಗಳು ದಾಟಿಸುತ್ತವೆ. ಕುಂಡ ಪೂರಾ ಅಗೆಯಬೇಡ. ಬೆರಳಲ್ಲಿ ಮೆಲ್ಲಗೆ ಮಣ್ಣು ಸರಿಸಿ ಗೆಡ್ಡೆಯನ್ನು ಒತ್ತಿ ನೋಡು. ಗಟ್ಟಿ ಇದ್ದರೆ, ಸ್ವಲ್ಪ ಸುಕ್ಕು ಬಿದ್ದಿದ್ದರೂ ಚಿಂತೆಯಿಲ್ಲ, ಮಣ್ಣು ಮುಚ್ಚಿ ಬಿಟ್ಟುಬಿಡು. ಮೆತ್ತಗಿದ್ದರೆ ತೆಗೆದು, ಕೊಳೆತ ಭಾಗವನ್ನು ಚಾಕುವಿನಲ್ಲಿ ಬಿಳಿ ತಿರುಳು ಕಾಣುವವರೆಗೆ ಕತ್ತರಿಸು. ಗಾಯಕ್ಕೆ ಬೂದಿ ಹಚ್ಚು. ಮೈಸೂರಲ್ಲಿ ಒಲೆ ಬೂದಿ ಎಲ್ಲಿಂದ ತರುತ್ತೀಯ, ಅರಿಶಿನ ಪುಡಿ ಹಚ್ಚಿದರೂ ನಡೆಯುತ್ತದೆ. ಒಂದೆರಡು ದಿನ ನೆರಳಲ್ಲಿ ಒಣಗಿಸಿ ಆಮೇಲೆ ನೆಡು.

ಇನ್ನೊಂದು ನೋಡಬೇಕಾದದ್ದು ಕುತ್ತಿಗೆ. ಇದು ಮುಖ್ಯ. ಡೇರೆಗೆ ಆಲೂಗೆಡ್ಡೆ ಥರ ಮೈಮೇಲೆಲ್ಲ ಕಣ್ಣು ಇರುವುದಿಲ್ಲ. ಹಳೆಯ ಕಾಂಡ ಕೂಡುವ ಜಾಗದಲ್ಲಿ, ಗೆಡ್ಡೆಯ ಕುತ್ತಿಗೆಯ ಮೇಲೆ ಮಾತ್ರ ಇರುತ್ತದೆ, ಸಾಸಿವೆ ಕಾಳಿನಷ್ಟು ಉಬ್ಬು. ನೀನು ಗೊಂಚಲು ಬಿಡಿಸುವಾಗ ಕುತ್ತಿಗೆ ಮುರಿದಿದ್ದರೆ ಆ ಗೆಡ್ಡೆ ಎಷ್ಟು ದಪ್ಪ ಇದ್ದರೂ ಮೊಳಕೆ ಕೊಡುವುದಿಲ್ಲ. ಅಂಥದ್ದನ್ನು ತೆಗೆದು ಹಾಕು, ನಾನು ಬೇರೆ ಕಳಿಸುತ್ತೇನೆ.

ಮತ್ತೆ ನೆಡುವುದಾದರೆ ಕುಂಡದ ತೂತು ಮುಚ್ಚಿಕೊಂಡಿಲ್ಲವಾ ನೋಡು. ಮಣ್ಣಿಗೆ ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸೇರಿಸು. ಹಿಡಿಯಲ್ಲಿ ಹಿಂಡಿದರೆ ಮುದ್ದೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಅಷ್ಟು ಹಸಿ ಸಾಕು. ಗೆಡ್ಡೆಯನ್ನು ಅಡ್ಡ ಮಲಗಿಸು, ಕಣ್ಣು ಮೇಲೆ ಬರಲಿ, ಅರ್ಧ ಗೇಣು ಆಳ. ಆಸರೆ ಕೋಲನ್ನು ಅವತ್ತೇ ಹುಗಿದುಬಿಡು. ಗಿಡ ವಾಲಿದ ಮೇಲೆ ಹುಗಿಯಲು ಹೋದರೆ ಗೆಡ್ಡೆಗೇ ಚುಚ್ಚುತ್ತದೆ. ಅರ್ಧ ದಿನವಾದರೂ ಬಿಸಿಲು ಬೀಳಬೇಕು. ಜೋರು ಮಳೆ ಬಂದರೆ ಮೊಳಕೆ ಬರುವವರೆಗೆ ಕುಂಡವನ್ನು ಸಜ್ಜಾ ಅಡಿಗೆ ಎಳೆದಿಡು. ಮೊಳಕೆ ಬಂದ ಮೇಲೆ ರಾತ್ರಿ ಟಾರ್ಚ್ ಹಿಡಿದು ಒಮ್ಮೆ ನೋಡು, ಸಿಂಬಳದ ಹುಳು ಎಳೆ ಕುಡಿ ತಿಂದರೆ ಬೆಳಿಗ್ಗೆ ನಿನಗೆ ಮೊಳಕೆಯೇ ಬಂದಿಲ್ಲ ಅನ್ನಿಸುತ್ತದೆ. ಗಿಡಕ್ಕೆ ಮೂರ್ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಬೇಕು, ಆ ಚಿವುಟುವುದನ್ನು ಆಗ ವಿಡಿಯೋ ಕಾಲಿನಲ್ಲಿ ತೋರಿಸುತ್ತೇನೆ. ಒಂದು ಪಕ್ಕದ ಕುಡಿ ಮುರಿದು ಬೇರೆ ಕುಂಡದಲ್ಲಿ ನೆಟ್ಟುಕೋ. ಒಂದೇ ಗಿಡವನ್ನು ನಂಬಿ ಕೂರಬಾರದು.

ಮುಂದಿನ ವಾರ ನಿನ್ನ ಅಪ್ಪ ಊರಿಗೆ ಬರುತ್ತಾನಲ್ಲ, ಅವನ ಕೈಯಲ್ಲಿ ಕುತ್ತಿಗೆ ಇರುವ ಎರಡು ಗೆಡ್ಡೆ ಕೊಟ್ಟು ಕಳಿಸುತ್ತೇನೆ, ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳಬಾರದು ಅಂತ ಅವನಿಗೆ ನೀನೂ ಹೇಳು, ನನ್ನ ಮಾತು ಕೇಳುವುದಿಲ್ಲ. ಇವತ್ತು ಒತ್ತಿ ನೋಡಿ ಫೋಟೋ ಹಾಕು. ಕುತ್ತಿಗೆಯ ಹತ್ತಿರದಿಂದ ತೆಗೆ, ಬರೀ ಮಣ್ಣಿನ ಫೋಟೋ ಹಾಕಿದರೆ ನನಗೇನೂ ತಿಳಿಯುವುದಿಲ್ಲ.