ಪದಚರ್ಚೆ: ‘ಟರ್ಮಿನೇಟರ್’ಗೆ ಇಲ್ಲಿ ನಡೆಯುವ ಪದ ಯಾವುದು?

ಎಲ್ಲರಿಗೂ ನಮಸ್ಕಾರ,

ರಾಯಚೂರಿನ ಕಾಲೇಜೊಂದರ ಹುಡುಗ ಹುಡುಗಿಯರು ಸಿಂಥೆಟಿಕ್ ಬಯಾಲಜಿಗೆ (ಡಿಎನ್‌ಎ ತುಣುಕು ಜೋಡಿಸಿ ಜೀವಕೋಶಕ್ಕೆ ಹೊಸ ಕೆಲಸ ಕೊಡುವ ವಿದ್ಯೆ) ಒಂದು ಸಾಫ್ಟ್‌ವೇರ್ ಬರೆಯುತ್ತಿದ್ದಾರೆ. ಡಿಎನ್‌ಎ ತುಣುಕುಗಳನ್ನು ಪರದೆಯ ಮೇಲೆ ಸಾಲಾಗಿ ಜೋಡಿಸಿದರೆ, ಜೋಡಣೆ ಸರಿಯಿದೆಯಾ ಅಂತ ಅದೇ ನೋಡಿ ಹೇಳುತ್ತದೆ. ಒಂದಕ್ಕೊಂದು ಸೇರುವಂತೆ ತುದಿಗಳನ್ನು ಒಂದೇ ತರ ಇಡುವ ಬಯೋಬ್ರಿಕ್ ಪದ್ಧತಿಯ ತುಣುಕಿನೊಳಗೆ ಜಿಎಎಟಿಟಿಸಿ ಎಂಬ ಸಾಲು ಬರಬಾರದು. ಬಂದರೆ ಇಕೋ ಆರ್ ಒನ್ ಎಂಬ ಕಿಣ್ವ ಅಲ್ಲೇ ಕತ್ತರಿಸಿಬಿಡುತ್ತದೆ. ಅಂಥ ಜಾಗವನ್ನು ಸಾಫ್ಟ್‌ವೇರ್ ಕೆಂಪಾಗಿ ತೋರಿಸುತ್ತದೆ. 2003ರಲ್ಲಿ ಎಂಐಟಿಯಲ್ಲಿ ಒಂದು ಕ್ಲಾಸಾಗಿ ಶುರುವಾದ ಐಜೆಮ್ ಈಗ ಈ ವಿದ್ಯೆಯ ದೊಡ್ಡ ಸ್ಪರ್ಧೆ, ಅಲ್ಲಿ ಇಂಥ ಸಾಫ್ಟ್‌ವೇರ್ ಬರೆಯುವ ವಿದ್ಯಾರ್ಥಿ ತಂಡಗಳೂ ಇರುತ್ತವೆ. ಇವರಿಗೆ ಮಾತ್ರ ಮೆನು ಪೂರ್ತಿ ಕನ್ನಡದಲ್ಲೇ ಬೇಕಂತೆ. ಪದ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ.

ಪಾರ್ಟ್‌ಗೆ ‘ಬಿಡಿಭಾಗ’ ಸಲೀಸಾಗಿ ಕೂತಿತು. ಜೀನಿನ ನಕಲು ಶುರುವಾಗುವ ಜಾಗವಾದ ಪ್ರೊಮೋಟರ್‌ಗೆ ‘ಪ್ರವರ್ತಕ’ ಅಂದರೆ ಷೇರು ಜಾಹೀರಾತು ಓದಿದ ಹಾಗಾಗುತ್ತದೆ, ಅದಕ್ಕೆ ‘ಶುರುಗುರುತು’ ಅಂತಿಟ್ಟೆವು.

ತೊಡಕು ಇರುವುದು ಆ ನಕಲು ಮುಗಿಯುವ ಜಾಗವಾದ ಟರ್ಮಿನೇಟರ್‌ನಲ್ಲಿ. ಸುಮ್ನೆ ಹಾಗೇ ಬಿಡಬಹುದಲ್ವಾ ಅಂತ ಕೇಳಬೇಡಿ. ಬೇರೆ ಕಡೆ ನಡೆದೀತು, ಇಲ್ಲಿ ಕಷ್ಟ. 1998ರಲ್ಲಿ ರಾಜ್ಯ ರೈತ ಸಂಘದವರು ಮಾನ್ಸಾಂಟೊ ಕಂಪನಿಯ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟದ್ದು ನಮ್ಮ ಜಿಲ್ಲೆಯ ಹೊಲದಲ್ಲೇ. ಅದೇ ವರ್ಷ ಅಮೆರಿಕದಲ್ಲಿ, ಮರುವರ್ಷ ಬಿತ್ತಿದರೆ ಮೊಳೆಯದ ಬೀಜದ ತಂತ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ‘ಟರ್ಮಿನೇಟರ್’ ಅನ್ನುವ ಹೆಸರು ಬಿದ್ದದ್ದು ಅದಕ್ಕೆ. ಆ ತಂತ್ರ ಇಲ್ಲಿನ ಹತ್ತಿಯಲ್ಲಿ ಇರಲಿಲ್ಲ, ಮುಂದೆ ಮಾರುಕಟ್ಟೆಗೂ ಬರಲಿಲ್ಲ. ಹೆಸರು ಮಾತ್ರ ಉಳಿಯಿತು. ತಂಡದ ಹುಡುಗಿಯೊಬ್ಬಳ ಅಪ್ಪ ಪರದೆ ನೋಡಿ, “ಇದು ಆ ಬೀಜದ್ದೇ ಏನವ್ವಾ?” ಅಂದರಂತೆ.

ಡಿಎನ್‌ಎಯ ಟರ್ಮಿನೇಟರ್ ಏನನ್ನೂ ಕೊಲ್ಲುವುದಿಲ್ಲ. ಡಿಎನ್‌ಎಯನ್ನು ಆರ್‌ಎನ್‌ಎಗೆ ನಕಲು ಮಾಡುತ್ತಾ ಹೋಗುವ ಕಿಣ್ವ ಕಳಚಿಕೊಳ್ಳುವ ಜಾಗ ಅದು. ಬ್ಯಾಕ್ಟೀರಿಯಾದಲ್ಲಿ ಎಷ್ಟೋ ಸಲ ಹೊಸ ಆರ್‌ಎನ್‌ಎಯ ತುದಿ ಹೇರ್‌ಪಿನ್ ತರ ಮಡಚಿಕೊಂಡು ಈ ಕೆಲಸ ಮಾಡುತ್ತದೆ.

ನಮ್ಮ ಕಡೆ ಮೋಟರನ್ನು ಚಾಲೂ ಮಾಡುವುದು, ಬಂದ್ ಮಾಡುವುದು ರೂಢಿ. ಹುಡುಗರು ಮೊದಲು ‘ಬಂದ್’ ಅಂತಲೇ ಹಾಕಿದ್ದರು. ನಾನು ಬೇಡ ಅಂದೆ. ಬಂದ್ ಅಂದರೆ ಜೀನ್ ಕೆಲಸವನ್ನೇ ನಿಲ್ಲಿಸಿದ ಹಾಗೆ, ಅದು ರಿಪ್ರೆಸರ್ ಮಾಡುವ ಕೆಲಸ. ‘ನಿಲುಗಡೆ’ ಚೆನ್ನಾಗಿದೆ, ಆದರೆ ಸ್ಟಾಪ್ ಕೋಡಾನ್‌ಗೂ ಅದೇ ಬಾಯಿಗೆ ಬರುತ್ತದೆ. ಟಿಎಎ, ಟಿಎಜಿ, ಟಿಜಿಎ ಎಂಬ ಆ ಮೂರಕ್ಷರದ ಕೋಡಾನ್‌ಗಳು ನಿಲ್ಲಿಸುವುದು ನಕಲನ್ನಲ್ಲ, ಪ್ರೋಟೀನ್ ಕಟ್ಟುವುದನ್ನು. ಎರಡಕ್ಕೂ ಒಂದೇ ಪದವಿದ್ದರೆ, ಸ್ಟಾಪ್ ಇದೆಯಲ್ಲ ಅಂತ ಮಕ್ಕಳು ಜೀನಿನ ಕೊನೆಗೆ ಟರ್ಮಿನೇಟರ್ ಹಾಕುವುದನ್ನೇ ಬಿಟ್ಟಾರು. ಆಗ ಕಿಣ್ವ ಮುಂದಿನ ಜೀನಿಗೂ ನುಗ್ಗುತ್ತದೆ.

ಸದ್ಯಕ್ಕೆ ‘ನಕಲುಕೊನೆ’, ‘ನಿಲುಗಡೆ ಕೋಡಾನ್’ ಅಂತ ಬರೆದಿಟ್ಟಿದ್ದೇನೆ. ಮೊದಲನೆಯದು ಬಾಯಲ್ಲಿ ತಿರುಗುತ್ತಿಲ್ಲ. ನಕಲು ಅಂದರೆ ಪರೀಕ್ಷೆಯ ಕಾಪಿ ಅಂತ ಹುಡುಗರು ಬೇರೆ ನಗುತ್ತಾರೆ. ಕೃಷಿ ಅಥವಾ ಜೀವಶಾಸ್ತ್ರದ ಕನ್ನಡ ಪಾಠಗಳಲ್ಲಿ ಈ ಜಾಗಕ್ಕೆ ಬೇರೆ ಪದ ನೋಡಿದವರಿದ್ದೀರಾ? ಬಟನ್ ಮೇಲೆ ಬರೆಯಬೇಕಾದ್ದು, ಆರೇಳು ಅಕ್ಷರಕ್ಕಿಂತ ಜಾಸ್ತಿ ಆಗದಿದ್ದರೆ ಒಳ್ಳೆಯದು.